ಒಂದೇ ಕೈಯಲ್ಲಿ ಎತ್ತುವ ಮೈಕ್ ಸೆಟ್ಟು

ಹೊಸಹಳ್ಳಿಯ ಮೈಕ್ ಸೆಟ್ ವೆಂಕಟಗಿರಿಗೆ ಕಿವಿ ಕೇಳಿಸುವುದಿಲ್ಲ ಅನ್ನುವ ಸಂಗತಿ ಅವನ ಹೆಂಡತಿ ನೀಲಮ್ಮನಿಗೆ ಗೊತ್ತಾದದ್ದು ಮೂರನೆಯವರ ಬಾಯಿಂದ. ಕೈಗಾಡಿ ತಳ್ಳುವ ಕೆಂಚಪ್ಪ ಒಂದು ಮಧ್ಯಾಹ್ನ ಸಾಮಾನನ್ನೆಲ್ಲ ಮನೆ ಮುಂದೆ ಇಳಿಸಿ, ವೆಂಕಟಗಿರಿ ಒಳಗೆ ಹೋಗುವವರೆಗೂ ಕಾದಿದ್ದು, ಅವಳನ್ನು ಗೇಟಿನ ಹತ್ತಿರ ಕರೆದ.

“ಅಕ್ಕಾ, ಇನ್ಮೇಲೆ ಅಣ್ಣನ್ನ ಒಬ್ರನ್ನೇ ಎಲ್ಲೂ ಕಳಿಸ್ಬೇಡಿ. ಅವರಿಗೆ ಏನೂ ಕೇಳ್ಸಲ್ಲ.”

“ಏನೋ ಹಂಗಂದ್ರೆ?”

ಕೆಂಚಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ. ಬಾಪೂಜಿ ನಗರದಲ್ಲಿ ಮದುವೆ. ಧಾರೆ ಮುಗಿದು ಊಟದ ಹೊತ್ತು. ವೆಂಕಟಗಿರಿ ಒಳ್ಳೆ ಕುಣಿತದ ಹಾಡಿನ ಪ್ಲೇಟು ಹಾಕಿ, ಚಪ್ಪರಕ್ಕೆ ಬೆನ್ನು ಮಾಡಿ, ಮುಂದಿನ ಪ್ಲೇಟಿನ ಧೂಳು ಒರೆಸುತ್ತಿದ್ದ. ಅಷ್ಟರಲ್ಲಿ ಹೆಣ್ಣಿನ ತಾತ ಎದೆ ಹಿಡಿದುಕೊಂಡು ಎಲೆಯ ಮುಂದೆಯೇ ಕುಸಿದರು. ಹೆಂಗಸರು ಕೂಗಿಕೊಂಡರು. ಹಾಡು ನಿಲ್ಸೋ, ಹಾಡು ನಿಲ್ಸೋ ಎಂದು ಜನ ಕಿರುಚಿದರು. ಹಾಡು ನಿಲ್ಲಲಿಲ್ಲ. ಕಂಬಕ್ಕೆ ಕಟ್ಟಿದ್ದ ಎರಡೂ ತುತ್ತೂರಿ ಸ್ಪೀಕರುಗಳು ಇಡೀ ಬೀದಿ ಅದುರುವಂತೆ ಹಾಡುತ್ತಲೇ ಇದ್ದವು. ಕೊನೆಗೆ ಹೆಣ್ಣಿನ ಚಿಕ್ಕಪ್ಪ ಓಡಿಬಂದು ಭುಜ ಹಿಡಿದು ಎಳೆದಾಗ ವೆಂಕಟಗಿರಿ ತಿರುಗಿ, ನಗುನಗುತ್ತಾ, “ಯಾವ ಹಾಡು ಬೇಕು ಸಾರ್?” ಅಂದ.

ಆ ಮನುಷ್ಯ ವೈರು ಕಿತ್ತು ಬಿಸಾಕಿದ. ತಾತ ಆಸ್ಪತ್ರೆ ಮುಟ್ಟಲಿಲ್ಲ.

“ಹಾಡು ನಿಲ್ಸಿದ್ರೂ ಅವರು ಉಳೀತಿರ್ಲಿಲ್ಲ ಅಕ್ಕಾ. ಆದ್ರೆ ಜನ ಹಂಗೆ ಅನ್ಕೊಳ್ಳಲ್ಲ,” ಅಂದು ಕೆಂಚಪ್ಪ ಗಾಡಿ ತಿರುಗಿಸಿಕೊಂಡು ಹೋದ.

ನೀಲಮ್ಮ ಒಳಗೆ ಬಂದಳು. ವೆಂಕಟಗಿರಿ ಬಾಗಿಲಿಗೆ ಬೆನ್ನು ಹಾಕಿ, ಸ್ಪೀಕರಿನ ಬಾಯಿಯನ್ನು ಹಳೆ ಪಂಚೆಯಿಂದ ಉಜ್ಜುತ್ತಿದ್ದ. “ರೀ,” ಅಂದಳು ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ಪಕ್ಕದ ಮನೆಯವರು ಇಣುಕುವಷ್ಟು ಜೋರಾಗಿ. ಅವನ ಕೈ ಉಜ್ಜುತ್ತಲೇ ಇತ್ತು. ಅವಳು ಸುತ್ತಿ ಬಂದು ಎದುರಿಗೆ ಕುಳಿತಳು. ಅವಳ ಮುಖ ನೋಡಿದವನಿಗೆ ಎಲ್ಲ ಅರ್ಥವಾಯಿತು.

“ಕೆಂಚ ಹೇಳಿದ್ನಾ?”

“ಯಾವಾಗಿಂದ ಹಿಂಗೆ?”

“ಎಡಗಿವಿ ಹೋಗಿ ಬಾಳ ವರ್ಷ ಆಯ್ತು. ಬಲದ್ದು ಹೋದ ದೀಪಾವಳಿಯಿಂದ ಪೂರ್ತಿ ಮುಚ್ಕೊಂಡ್ಬಿಡ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. “ಹೇಳಿದ್ರೆ ನೀನು ನನ್ ಜೊತೆ ಮಾತಾಡೋದು ಕಡಿಮೆ ಮಾಡ್ತಿದ್ದೆ,” ಅಂದ.

ಅವಳು ಮಾತಾಡುವಾಗ ಅವನು ಕಣ್ಣು ಕದಲಿಸದೆ ನೋಡುತ್ತಿದ್ದದ್ದು, ಈ ವಯಸ್ಸಿನಲ್ಲೂ ಗಂಡನಿಗೆ ತನ್ನ ಮೇಲೆ ಇಷ್ಟೊಂದು ಮೋಹವೇ ಎಂದು ಅವಳು ಒಳಗೊಳಗೇ ನಾಚಿಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಗಿ ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ವೆಂಕಟಗಿರಿಯ ಮೈಕ್ ಸೆಟ್ಟಿಗಿಂತ ಅವನ ದನಿಗೇ ಹೆಸರು ಹೆಚ್ಚು. ವಿಜಯನಗರದ ಬಡಾವಣೆಯಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲದಿಂದಲೂ, “ಎಲೆ ಹಾಕಿದೆ, ಬೀಗರು ದಯಮಾಡಿಸಬೇಕು” ಎಂದು ಅವನು ಕರೆದರೆ ಮುನಿಸಿಕೊಂಡು ಕುಳಿತ ಬೀಗರೂ ಎದ್ದು ಬರುತ್ತಿದ್ದರಂತೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗುವುದಕ್ಕೂ ಅವನೇ ಬೇಕು. ಅಂಥವನ ಮನೆ ಬಾಗಿಲಿಗೆ ಬಾಪೂಜಿ ನಗರದ ಸುದ್ದಿಯ ನಂತರ ಯಾರೂ ಬರಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಕಿವಿಗೆ ದೀಪ ಹಾಕಿ ನೋಡಿ, ನರ ಸತ್ತಿದೆ, ಮೆಷಿನ್ನು ಹಾಕಿದರೂ ಉಪಯೋಗವಿಲ್ಲ ಎಂದರು.

ಬೇಸಿಗೆಯ ಮದುವೆಗಳೆಲ್ಲ ಹಾಗೇ ಕಳೆದುಹೋದವು. ಒಂದು ಬೆಳಿಗ್ಗೆ ವೆಂಕಟಗಿರಿ ರೊಟ್ಟಿ ತಿನ್ನುತ್ತಾ, “ನೀಲಾ, ಇನ್ಮೇಲೆ ಸೆಟ್ಟು ನೀನೇ ನಡೆಸು,” ಅಂದ.

“ನಿಮಗೇನ್ ತಲೆ ಕೆಟ್ಟಿದ್ಯಾ? ಹೆಂಗಸು ಕಂಬ ಹತ್ತಿ ಸ್ಪೀಕರ್ ಕಟ್ತಾಳಾ?”

“ಕಂಬ ಯಾರ್ ಹತ್ತಬೇಕೀಗ? ಈಗೆಲ್ಲ ಟೆರೇಸ್ ಮೇಲೆ ಬರ್ತ್‌ಡೇ ಮಾಡ್ತಾರೆ. ಮಗು ಮಲಗಿದೆ ಮೆಲ್ಲಗಿಡಿ ಅಂತಾರೆ. ಎಲ್ಲಾ ಒಂದೇ ಪೆಟ್ಟಿಗೇಲಿ ಇರೋ ಸೆಟ್ಟು ಬಂದಿದೆಯಂತೆ. ಕ್ಯಾಸೆಟ್ಟು, ಆಂಪ್ಲಿಫೈಯರು, ಸ್ಪೀಕರು, ಎಲ್ಲಾ ಅದರೊಳಗೇ. ಹೋಗಿ ನೋಡೋಣ ನಡಿ.”

ಇಬ್ಬರೂ ಬಸ್ಸು ಹತ್ತಿ ಎಸ್.ಜೆ.ಪಿ. ರಸ್ತೆಗೆ ಹೋದರು. ರೇಡಿಯೋ ಸಾಮಾನಿನ ಒಂದು ಅಂಗಡಿಯ ಮಾಳಿಗೆಯಲ್ಲಿ ಅಂಗಡಿಯವನು ಮೊದಲು ಒಂದು ದೊಡ್ಡ ಸೆಟ್ಟು ಹಾಡಿಸಿದ. ತಬಲದ ಪೆಟ್ಟು ನೀಲಮ್ಮನ ಹೊಟ್ಟೆಯೊಳಗೇ ಬಿದ್ದ ಹಾಗಾಯಿತು. ಇಷ್ಟು ತುಂಬಿದ ಶಬ್ದ ಅವಳು ಕೇಳಿಯೇ ಇರಲಿಲ್ಲ. ವೆಂಕಟಗಿರಿ ಅದನ್ನು ಎತ್ತಿ ನೋಡಿ, ಅವಳ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದ. ಎರಡನೆಯದು ಫಾರಿನ್ನಿನದು. ಹಾಡಿನ ಜೊತೆ ಕೆಂಪು ಹಸಿರು ದೀಪ ಕುಣಿಯುತ್ತಿದ್ದವು. “ಬ್ಯಾಟರಿಗೆ ನಡೆಯತ್ತಾ? ಕರೆಂಟ್ ಹೋದ್ರೆ ಮದುವೆಮನೇಲಿ ನಾವ್ ಬಾಯಲ್ಲಿ ಹಾಡಬೇಕಾ?” ಎಂದು ಅವನು ಕೇಳಿದ್ದಕ್ಕೆ ಅಂಗಡಿಯವನು ಅದನ್ನು ಪಕ್ಕಕ್ಕೆ ಸರಿಸಿದ.

ಮೂರನೆಯದು ಇಲ್ಲೇ ಕೂಡಿಸಿದ ಬೂದು ಬಣ್ಣದ ಮರದ ಪೆಟ್ಟಿಗೆ, ಮೇಲೊಂದು ಹಿಡಿ. ಕರೆಂಟಿಗೂ ಬ್ಯಾಟರಿಗೂ ಆಗುತ್ತಿತ್ತು. ವೆಂಕಟಗಿರಿ ಮೈಕನ್ನು ಅವಳ ಕೈಗೆ ಕೊಟ್ಟು, “ಹಾಡು ಹೋಗ್ತಿರೋವಾಗ್ಲೇ ಮಾತಾಡು. ಮಾತು ಹಾಡಲ್ಲಿ ಮುಳುಗತ್ತಾ ನೋಡು. ಹತ್ರ ಹೋದ್ರೆ ಕುಯ್ ಅನ್ನತ್ತಾ ಕೇಳಿಸ್ಕೋ,” ಅಂದ. ಅವಳು ಮಾತಾಡಿದಳು. ತನ್ನ ದನಿಯೇ ಪೆಟ್ಟಿಗೆಯಿಂದ ತಿರುಗಿ ಬಂದದ್ದಕ್ಕೆ ಬೆಚ್ಚಿದಳು. ಮಾತು ಮುಳುಗಲಿಲ್ಲ, ಕುಯ್ ಅನ್ನಲೂ ಇಲ್ಲ.

“ಈಗ ಇದನ್ನ ಎತ್ಕೊಂಡು ಮೆಟ್ಟಿಲು ಇಳಿದು ಹತ್ತಿ ಬಾ. ಒಂದೇ ಕೈಲಿ.”

ಅಂಗಡಿಯವನು ನಕ್ಕ. ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆ ಎತ್ತಿಕೊಂಡು ಕಡಿದಾದ ಮೆಟ್ಟಿಲು ಇಳಿದಳು, ಏದುಸಿರು ಬಿಡುತ್ತಾ ಹತ್ತಿ ಬಂದಳು.

ವೆಂಕಟಗಿರಿ ಮತ್ತೆ ಹಾಡು ಹಾಕಿಸಿ, “ಶಬ್ದ ಹೆಂಗಿದೆ?” ಎಂದು ಅವಳನ್ನು ಕೇಳಿದ.

ದೊಡ್ಡ ಸೆಟ್ಟನ್ನು ಕೇಳಿದ ಕಿವಿಗೆ ಇದು ತಗಡಿನ ಡಬ್ಬದಂತಿತ್ತು. “ಚೆನ್ನಾಗಿದೆ,” ಅಂದಳು. ವೆಂಕಟಗಿರಿ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡ.

“ತಬಲ ಇದರಲ್ಲಿ ಸಾಲದು. ಕೈಗೇ ಗೊತ್ತಾಗತ್ತೆ.”

ನೀಲಮ್ಮ ಅವನ ತೋಳು ಮುಟ್ಟಿ ತನ್ನ ಮುಖ ನೋಡುವಂತೆ ಮಾಡಿದಳು. “ಹಂಗಾದ್ರೆ ಆ ದೊಡ್ದೇ ತಗೊಳ್ಳೋಣ ರೀ. ಇಬ್ರೂ ಸೇರಿ ಎತ್ತಿದ್ರಾಯ್ತು. ನೀವೂ ಬರ್ತೀರಲ್ಲ.”

“ನಾನ್ ಬರಲ್ಲ ನೀಲಾ. ನಾನ್ ಅಲ್ಲಿದ್ರೆ ಜನಕ್ಕೆ ಆ ತಾತನ್ನೇ ನೆನಪಿಸ್ದಂಗೆ. ನೀನೊಬ್ಳೇ ಎತ್ತೋದೇ ಬೇಕು.”

ಅವನಿಗೆ ಕೇಳಿಸದಿದ್ದದ್ದು ಅವತ್ತು ಅವಳಿಗೆ ಅನುಕೂಲವೇ ಆಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬಿಕ್ಕಿದಳು. ಅವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಕುಳಿತಿದ್ದ.

ಮೊದಲ ಕರೆ ಬಸವೇಶ್ವರನಗರದಿಂದ ಬಂತು, ಒಂದು ಹೆಣ್ಣುಮಗುವಿನ ಹುಟ್ಟುಹಬ್ಬಕ್ಕೆ. ಹೆಂಗಸು ಬಂದಳಲ್ಲಾ ಎಂದು ಮನೆಯವರು ಮುಖ ಮುಖ ನೋಡಿಕೊಂಡರು. ಹಾಡು ಶುರುವಾದ ಮೇಲೆ ಹೆಂಗಸರೇ ಅವಳ ಸುತ್ತ ಬಂದು ಕೂತು, ಈ ಹಾಡು ಹಾಕಿ, ಆ ಹಾಡು ಹಾಕಿ ಎಂದರು. ಬರಬರುತ್ತಾ ಸೀಮಂತಕ್ಕೆ, ಅರಿಶಿನ ಕುಂಕುಮಕ್ಕೆ, ಗಂಡಸರನ್ನು ಒಳಗೆ ಬಿಡದ ಕಾರ್ಯಗಳಿಗೆಲ್ಲ ಮೈಕ್ ಸೆಟ್ ನೀಲಮ್ಮನೇ ಬೇಕು ಅನ್ನುವಂತಾಯಿತು. ಹಿಡಿ ಉಜ್ಜಿ ಉಜ್ಜಿ ಅವಳ ಅಂಗೈಯಲ್ಲಿ ಜಡ್ಡು ಕಟ್ಟಿತು.

ಅವಳ ದನಿ ಬೀದಿಗೆ ಬಂದ ಹಾಗೆಲ್ಲ ಅವನ ದನಿ ಮನೆಯೊಳಗೇ ಇಂಗಿಹೋಯಿತು. ತನ್ನ ಮಾತು ತನಗೇ ಕೇಳಿಸದೆ ಮೊದಮೊದಲು ಅವನು ವಿಪರೀತ ಜೋರಾಗಿ ಮಾತಾಡುತ್ತಿದ್ದ. ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಒಮ್ಮೆ ಹಾಲಿನ ಬೂತಿನಲ್ಲಿ ಚಿಲ್ಲರೆ ಕೇಳಿದ್ದಕ್ಕೆ ಹಾಲು ಕೊಡುವ ಹೆಂಗಸು ಬೈದನೆಂದುಕೊಂಡು ಅತ್ತಳು. ಅಂದಿನಿಂದ ಅವನು ದನಿ ತಗ್ಗಿಸಿದ. ತಗ್ಗಿಸಿ ತಗ್ಗಿಸಿ, ಎದುರಿಗೆ ಕೂತ ನೀಲಮ್ಮನಿಗೂ ಕೇಳಿಸದಷ್ಟಾಯಿತು. ಆಮೇಲೆ ಅದೂ ನಿಂತಿತು. ಸಂಜೆ ಅವಳು ದಣಿದು ಬಂದರೆ ಸೊಪ್ಪಿನ ಸಾರು, ಮುದ್ದೆ ಮಾಡಿಟ್ಟಿರುತ್ತಿದ್ದ. ಅವಳು ಕಾರ್ಯದ ಮನೆಯ ಸುದ್ದಿಯನ್ನೆಲ್ಲ ಅವನಿಗೆ ಕಾಣುವಂತೆ ದನಿಯಿಲ್ಲದೆ ಬಾಯಿ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಊರವರ ಮನೆಯಲ್ಲೆಲ್ಲ ಹಾಡು ಹಾಕಿ ಬರುವವಳ ಮನೆಯಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವರಿಗಿದ್ದವಳು ಒಬ್ಬಳೇ ಮಗಳು ಸೀತಾ. ಅವಳನ್ನು ಕೆಂಗೇರಿಗೆ ಕೊಟ್ಟಿತ್ತು. ಎಂಬತ್ತೇಳನೆಯ ಇಸವಿಯಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿ, ನಾಮಕರಣಕ್ಕೆ ಅಜ್ಜಿಯದೇ ಮೈಕ್ ಸೆಟ್ಟು. ಆವತ್ತು ವೆಂಕಟಗಿರಿಯೂ ಬಿಳಿ ಪಂಚೆ ಉಟ್ಟು ಜೊತೆಗೆ ಹೊರಟ. ತಂದೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾದ ಮೇಲೆ, ಬೀಗರಾದ ಕೃಷ್ಣಯ್ಯನವರು ಮೈಕು ತಂದು ವೆಂಕಟಗಿರಿಯ ಕೈಗಿಟ್ಟು, “ಬೀಗರೇ, ಮೊಮ್ಮಗಳ ಹೆಸರು ಎಲ್ರಿಗೂ ಕೇಳೋ ಹಂಗೆ ನೀವೇ ಕೂಗ್ಬೇಕು. ನಿಮ್ಮ ದನಿ ಕೇಳಿ ಎಷ್ಟು ಕಾಲ ಆಯ್ತು!” ಎಂದರು.

ಬೇಡ ಅನ್ನಲು ನೀಲಮ್ಮ ಮುಂದೆ ಬಂದಳು. ಅಷ್ಟರಲ್ಲಿ ವೆಂಕಟಗಿರಿ ಎದ್ದು ನಿಂತಿದ್ದ. ಮೈಕನ್ನು ಬಾಯಿಗೆ ಹಳೆಯ ಪದ್ಧತಿಯಂತೆ ಓರೆಯಾಗಿ ಹಿಡಿದ. ಎದೆಯುಬ್ಬಿಸಿ ಉಸಿರೆಳೆದುಕೊಂಡ. ತುಟಿ ಆಡಿತು. ‘ಯಶೋದಾ’ ಎಂದು ನೀಲಮ್ಮ ಆ ತುಟಿಯ ಮೇಲೆ ಓದಿದಳು. ಪೆಟ್ಟಿಗೆಯಿಂದ ಬಂದದ್ದು ಬರೀ ಉಸಿರು.

ಜನ ಕಾಯುತ್ತಿದ್ದರು. ಸೀತಾ ಮಗುವನ್ನು ಎದೆಗೊತ್ತಿಕೊಂಡು ಅಮ್ಮನ ಕಡೆ ನೋಡಿದಳು. ಹೇಳಿ ಮುಗಿಸಿದೆ ಎಂದುಕೊಂಡ ವೆಂಕಟಗಿರಿಯೂ ನೀಲಮ್ಮನ ಕಡೆಗೇ ತಿರುಗಿ, ಬಂತಾ ಎನ್ನುವಂತೆ ಕೈಯಾಡಿಸಿ ಕೇಳಿದ.

ನೀಲಮ್ಮ ಬಂತು ಎಂದು ತಲೆಯಾಡಿಸಿದಳು. ಅವನ ಕೈಯಿಂದ ಮೈಕು ತೆಗೆದುಕೊಂಡು, ಅವನನ್ನು ಹಿಡಿದು ಕೂರಿಸಿ, ಅವನ ಬೆನ್ನ ಹಿಂದೆ ನಿಂತು, “ಮಗುವಿನ ಹೆಸರು ಯಶೋದಾ. ಅವರ ತಾತ ವೆಂಕಟಗಿರಿಯವರು ಹೇಳಿದ್ದು,” ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟುವ ಕೈಗಳನ್ನು ನೋಡಿ ವೆಂಕಟಗಿರಿ ಸಂಕೋಚದಿಂದ ನಕ್ಕು, ಎಲ್ಲರಿಗೂ ಕೈ ಮುಗಿದ.

ಮುಂದಿನ ವರ್ಷ ಮಾಗಿಯ ಚಳಿಯಲ್ಲಿ ಅವನು ನಿದ್ದೆಯಲ್ಲೇ ತೀರಿಕೊಂಡ. ವೈಕುಂಠ ಸಮಾರಾಧನೆ ಮುಗಿದ ಮೇಲೆ ರಾಜಾಜಿನಗರದ ಒಂದು ಮನೆಯವರು ಸೀಮಂತಕ್ಕೆ ಕರೆಯಲು ಬಂದರು. ವಿಷಯ ತಿಳಿದು, ಬೇಡ ಬಿಡಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೊಸ್ತಿಲಲ್ಲೇ ಹಿಂದೆಗೆದರು. ಸೀಮಂತದ ಮನೆಗೆ ಗಂಡ ಸತ್ತವಳು ಆಗಬಾರದಲ್ಲ. ನೀಲಮ್ಮ ಅವರಿಗೆ ಕುಡಿಯಲು ನೀರು ಕೊಟ್ಟು ಕಳಿಸಿ, ಬಾಗಿಲು ಮುಂದಕ್ಕೆ ಮಾಡಿಕೊಂಡಳು.