ಶಹಾಬಾದದಿಂದ ಚಿಂಚೋಳಿಯ ಹೊಲಕ್ಕೆ, ಕಾಕಾನ ಬುತ್ತಿಯೊಡನೆ

ಎಳ್ಳಮವಾಸ್ಯೆಯ ಬೆಳಿಗ್ಗೆ ಗುರುಲಿಂಗಪ್ಪ ಕಾಕಾ ಮತ್ತು ನಾನು ಶಹಾಬಾದ ಸ್ಟೇಷನ್ ತಲುಪಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಾಕಾ ನಮ್ಮಪ್ಪನ ತಮ್ಮ, ವಯಸ್ಸು ತೊಂಬತ್ತರ ಹತ್ತಿರ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಯಾರ್ಡು ನಡೆಸಿ ನಡೆಸಿ ಅವರ ಕಿವಿ ಮಂದವಾಗಿದೆ, ಆದರೆ ನಾವು ಕೇಳಿಸಬಾರದು ಅಂದುಕೊಂಡ ಮಾತು ಮಾತ್ರ ಹೇಗೋ ಕೇಳಿಸುತ್ತದೆ. ನಾಲವಾರದ ಶಾಲೆಯಲ್ಲಿ ಪಾಠ ಹೇಳುವ ನಾನು, ಅವರನ್ನು ಕರೆದುಕೊಂಡು ಹೋಗಲೆಂದೇ ಹಿಂದಿನ ಸಂಜೆ ರೈಲು ಹಿಡಿದು ಬಂದಿದ್ದೆ. ಹೋಗಬೇಕಾಗಿದ್ದದ್ದು ಚಿಂಚೋಳಿಯ ಆಚೆ, ಬಂಡೆಪ್ಪ ಎನ್ನುವವರ ಹೊಲಕ್ಕೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಮೇಲೆ ಕಾಕಾನ ಕಂಕುಳಲ್ಲಿದ್ದ ಬಟ್ಟೆಯ ಗಂಟು ನನ್ನ ಕಣ್ಣಿಗೆ ಬಿತ್ತು.

"ಇದೇನ್ರಿ ಕಾಕಾ?"

"ಬುತ್ತಿ. ಎರಡು ರೊಟ್ಟಿ, ಶೇಂಗಾ ಹಿಂಡಿ."

"ಹಬ್ಬದ ದಿನ ಬುತ್ತಿ ಯಾಕ್ರಿ? ಅಲ್ಲಿ ಉಣ್ಣಾಕ ಭಾಳ ಇರ್ತದ."

"ಅದಕ್ಕೇ ತಗೊಂಡೀನಿ. ಹುಡುಗನ್ನ ನೋಡ್ತೀನಿ, ಹೊಲ ನೋಡ್ತೀನಿ, ಬರ್ತೀನಿ. ಅವರ ಹೊಲದಾಗ ನಾ ಉಣ್ಣಾಂಗಿಲ್ಲ."

ಹೊಲದಲ್ಲೇ ಪೂಜೆ ಮಾಡಿ ಉಣ್ಣುವ ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬಂದವರು ಉಣ್ಣದೆ ಎದ್ದು ಹೋದರೆ ಅದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಬಂಡೆಪ್ಪನ ಮಗ ಚಂದಾಪುರದ ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ಅವನೂ ನಮ್ಮಣ್ಣನ ಮಗಳು ಸವಿತಾಳೂ ಕಲಬುರಗಿಯಲ್ಲಿ ಜೊತೆಗೆ ಓದಿದವರು, ಒಬ್ಬರನ್ನೊಬ್ಬರು ಮೆಚ್ಚಿದವರು. ಎರಡೂ ಮನೆಯವರು ಒಪ್ಪಿಯಾಗಿತ್ತು. ಆದರೆ ಹಿರಿಯರು ಬೀಗರ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ನಮ್ಮ ಮನೆತನದಲ್ಲಿ ಯಾವ ಸಂಬಂಧವೂ ಗಟ್ಟಿಯಾಗುವುದಿಲ್ಲ. ಈಗ ಹಿರಿಯರೆಂದರೆ ಕಾಕಾ ಒಬ್ಬರೇ. ಹಿಂದಿನ ವಾರ ಸವಿತಾ ನನಗೆ ಫೋನ್ ಮಾಡಿ, "ಮುತ್ತ್ಯಾ ಬ್ಯಾಡ ಅಂದ್ರ ನಾ ಓಡಿಹೋಗಾಕಿ ಅಲ್ಲ ಅತ್ತಿ. ಆದ್ರ ಬ್ಯಾರೆ ಯಾರನ್ನೂ ಆಗಾಂಗಿಲ್ಲ" ಎಂದಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ.

ಕಾಕಾನ ಸಿಟ್ಟಿಗೆ ಎಂಬತ್ತು ವರ್ಷದ ಹತ್ತಿರ ವಯಸ್ಸಾಗಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗೆ ಬಂದಿರಲಿಲ್ಲ. ನಿಜಾಮರ ಸಂಸ್ಥಾನ ತಾನು ಯಾರಿಗೂ ಸೇರುವುದಿಲ್ಲವೆಂದು ಬೇರೆಯಾಗಿ ನಿಂತಿತ್ತು. ಹಳ್ಳಿಗಳಲ್ಲಿ ಅದರ ಪರವಾಗಿ ಬಂದೂಕು ಹಿಡಿದವರು ತಿರುಗುತ್ತಿದ್ದರು. ಗಡಿಯಾಚೆಯ ಶಿಬಿರ ಸೇರಿದ ಹುಡುಗರು ಅವರ ವಿರುದ್ಧ ಹೊಲ-ಹಳ್ಳಗಳಲ್ಲಿ ಅಡಗಿ ಓಡಾಡುತ್ತಿದ್ದರು. ಕಾಕಾನ ಅಣ್ಣ ಶರಣಪ್ಪ, ಅಂದರೆ ನಾನು ನೋಡದ ನನ್ನ ದೊಡ್ಡಪ್ಪ, ಅಂಥ ಹುಡುಗರಲ್ಲೊಬ್ಬ. ಆಗ ನಮ್ಮವರೂ ಚಿಂಚೋಳಿ ಸೀಮೆಯಲ್ಲೇ ಇದ್ದರು. ಆ ವರ್ಷದ ಎಳ್ಳಮವಾಸ್ಯೆಗೆ ಅವ್ವನ ಮುಖ ನೋಡಲೆಂದು ಹೊಲಗಳ ನಡುವೆ ಕದ್ದು ಬರುತ್ತಿದ್ದ ಅವನು ಸಂಜೆ ಸಿಕ್ಕಿಬಿದ್ದ. ಹಿಡಿದ ಬಂದೂಕಿನವರು ಮಧ್ಯಾಹ್ನ ಬಂಡೆಪ್ಪನ ಮುತ್ತ್ಯಾನ, ಅಂದರೆ ಅಜ್ಜನ, ಹೊಲದಲ್ಲಿ ಉಂಡು, ಮಲಗಿ, ಸಂಜೆಯವರೆಗೂ ಅಲ್ಲೇ ಉಳಿದಿದ್ದರಂತೆ. ಶರಣಪ್ಪ ಮನೆಗೆ ಬರಲಿಲ್ಲ, ಹೆಣವೂ ಬರಲಿಲ್ಲ. 'ಅವರು ಉಣಿಸದೆ ಇದ್ದಿದ್ದರೆ ಆ ಮಂದಿ ಮುಂದಕ್ಕೆ ಹೋಗಿಬಿಡುತ್ತಿದ್ದರು' ಎನ್ನುವುದು ಕಾಕಾನ ಮಾತು. ನಾನು ಹುಟ್ಟಿದಾಗಿನಿಂದ ಈ ಮಾತು ಕೇಳುತ್ತಲೇ ಬೆಳೆದಿದ್ದೇನೆ.

ಶಹಾಬಾದದಿಂದ ವಾಡಿಗೆ ರೈಲಿನಲ್ಲಿ ಹೆಚ್ಚು ಹೊತ್ತಿಲ್ಲ. ಹಳಿಯ ಪಕ್ಕದಲ್ಲಿ ಜೋಡಿಸಿಟ್ಟ ಕಲ್ಲಿನ ಹಲಗೆಗಳು ಮುಗಿಯುವ ಮೊದಲೇ ಸಿಮೆಂಟಿನ ಚಿಮಣಿಗಳು ಕಂಡವು. ವಾಡಿಯಲ್ಲಿ ರೈಲು ಬದಲಿಸಬೇಕು. ಚಳಿಗೆ ಮಂಜೋ ಸಿಮೆಂಟಿನ ಧೂಳೋ ತಿಳಿಯದಂಥ ಒಂದು ಬಿಳುಪು ಸ್ಟೇಷನ್ ತುಂಬ ಹರಡಿತ್ತು. ಇಡ್ಲಿ, ಚಹಾ ತೆಗೆದುಕೊಂಡೆವು. ಇಬ್ಬರ ಟಿಕೆಟ್ಟಿಗಿಂತ ಅದಕ್ಕೇ ಹೆಚ್ಚು ಖರ್ಚಾಯಿತು. ಕಾಕಾ ಇಡ್ಲಿ ತಿಂದರು, ಬುತ್ತಿ ಮುಟ್ಟಲಿಲ್ಲ. ಅದನ್ನು ಯಾವ ಜಾಗಕ್ಕೆಂದು ಕಾದಿಟ್ಟಿದ್ದಾರೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಅಣ್ಣ ಮಲ್ಲಣ್ಣನ ಫೋನು ಬಂತು. ಅವನು ಸೇಡಂನವನು, ಮನೆಯವರನ್ನೆಲ್ಲ ಜೀಪಿನಲ್ಲಿ ಕೂಡಿಸಿಕೊಂಡು ಆಗಲೇ ಹೊರಟಿದ್ದ. ಕಾಕಾಗೂ ಅವನಿಗೂ ಆಗಿಬರುವುದಿಲ್ಲ, ಅದಕ್ಕೇ ಕಾಕಾನ ಜವಾಬ್ದಾರಿ ನನ್ನ ತಲೆಗೆ. ನಾನು ಫೋನು ಹಿಡಿದು ಸ್ವಲ್ಪ ದೂರ ಹೋದೆ.

"ಶಾಂತಾ, ನಾ ಬಂಡೆಪ್ಪಗ ಹೇಳೀನಿ. ಅವತ್ತ ನಮ್ಮ ದೊಡ್ಡಪ್ಪನ್ನ ಅವರ ಮುತ್ತ್ಯಾನೇ ತೊಗರಿಯೊಳಗ ಮುಚ್ಚಿಟ್ಟು ಉಣಿಸಿದ್ದ ಅಂತ ಹೇಳ್ತಾನ. ನೀ ಹೂಂ ಅನ್ನು, ಸಾಕು."

"ಖರೇನಾ ಅದು?"

"ಯಾರಿಗಿ ಗೊತ್ತು? ಸುಳ್ಳಂತ ಹೇಳಾವರೂ ಈಗ ಯಾರೂ ಉಳದಿಲ್ಲ."

ನಾನು ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಬೆಂಚಿಗೆ ಮರಳಿದಾಗ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. "ಮಲ್ಲ್ಯಾ ಏನಂದ?" ಎಂದು ಕೇಳಿದರು. "ಜೀಪ್ ಹೊಂಟದ ಅಂತ್ರಿ" ಅಂದೆ.

ಸೇಡಂ ಕಡೆಯ ರೈಲಿನಲ್ಲಿ ಎದುರಿಗೆ ಒಬ್ಬ ತರುಣ ಮೊಬೈಲಿನಲ್ಲಿ ಸುದ್ದಿ ಹಚ್ಚಿದ್ದ. ಎಲ್ಲೋ ದೂರದ ಎರಡು ದೇಶಗಳ ಯುದ್ಧ. ಯಾರು ಯಾರ ಕಡೆ, ನಾವು ಯಾರ ಕಡೆ ಎಂದು ನಾಲ್ಕು ಜನ ಕೂಗಾಡುತ್ತಿದ್ದರು. "ನಾವು ಯಾರ ಕಡೀನೂ ಇಲ್ಲ, ಅದೇ ಛಲೋ" ಎಂದ ತರುಣ, ಯಾರೂ ಕೇಳದಿದ್ದರೂ. ಕಾಕಾನ ಕಿವಿಗೆ ಇದು ಹೇಗೆ ಬಿತ್ತೋ.

"ಮನಿ ಮುಂದ ಬಂದೂಕ ಬಂದಾಗ ಯಾರ ಕಡೀನೂ ಇಲ್ಲ ಅಂದು ನೋಡಪ್ಪಾ," ಎಂದರು ಕಾಕಾ. "ನಿನ್ನ ರೊಟ್ಟಿ ಯಾರ ಹೊಟ್ಟಿಗಿ ಹೋಯ್ತು, ಅದೇ ನಿನ್ನ ಕಡಿ."

ತರುಣ ಮೊಬೈಲು ಆರಿಸಿ ಕಿಟಕಿ ಕಡೆ ತಿರುಗಿದ. ಕಾಕಾನ ಪಕ್ಕದಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ಕೂತಿದ್ದರು. ಮೊಣಕಾಲ ಮೇಲೆ ಟೋಪಿ, ಕೈಯಲ್ಲಿ ಸಂತೆಯ ಚೀಲ. ಅವರು ಮೆಲ್ಲಗೆ ಕೇಳಿದರು, "ಆ ಗಡಬಡಿ ಕಾಲದ ಮಾತೇನ್ರಿ ಸಾಹೇಬ್ರ?"

ಕಾಕಾ ಹೌದೆಂದರು.

"ನಮ್ಮ ದಾದಾ, ಅಪ್ಪನ ಅಪ್ಪ, ಸಂಸ್ಥಾನದ ಪೊಲೀಸ್ನಾಗ ಸಿಪಾಯಿ ಇದ್ರು. ತಿಂಗಳಾ ಪಗಾರ, ಇಷ್ಟೇ ಅವರಿಗಿ ಗೊತ್ತು. ದಿಲ್ಲಿ ಫೌಜು ಬಂದ ಮ್ಯಾಲ ಚಿತ್ತಾಪುರ ಬಿಟ್ಟು ಹೋದ್ರು, ವಾಪಸ್ ಬರ್ಲೇ ಇಲ್ಲ. ಊರಾಗ ಝಂಡಾ ಏರಿಸೋ ದಿನ ನಮ್ಮ ದಾದಿ ಬಾಗ್ಲಾ ಹಾಕ್ಕೊಂಡು ಕೂಡ್ತಿದ್ರು."

ಕಾಕಾ ಏನಾದರೂ ಅಂದುಬಿಟ್ಟರೆ ಈ ಡಬ್ಬಿಯಲ್ಲಿ ನಾನು ಯಾರನ್ನು ಸಮಾಧಾನ ಮಾಡಲಿ? ಆದರೆ ಕಾಕಾ ಬುತ್ತಿಯ ಗಂಟನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಇಟ್ಟುಕೊಂಡರು. ಚಿತ್ತಾಪುರ ಬಂದಾಗ ಆ ಹಿರಿಯರು, "ಬರ್ತೀನ್ರಿ, ಹಬ್ಬ ಛಲೋ ಆಗ್ಲಿ" ಎಂದು ಇಳಿದರು. ರೈಲು ಹೊರಟ ಮೇಲೆ ಕಾಕಾ, "ಅವರ ದಾದಾನೂ ಬರಲಿಲ್ಲಂತ" ಎಂದರು.

ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಚಿಂಚೋಳಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಆಧಾರ್ ತೋರಿಸಿ ನಾನು ಪುಕ್ಕಟೆ ಟಿಕೆಟ್ ಪಡೆದೆ. ತಾವು ಮಾತ್ರ ಹಣ ಕೊಡಬೇಕಾಯಿತೆಂದು ಕಾಕಾ ಕಂಡಕ್ಟರನ ಜೊತೆ ಸ್ವಲ್ಪ ಹೊತ್ತು ವಾದ ಮಾಡಿದರು. ಐವತ್ತು ಕಿಲೋಮೀಟರಿನೊಳಗಿನ ದಾರಿ. ದಾರಿಯುದ್ದಕ್ಕೂ ಹಬ್ಬವೇ ಇತ್ತು. ಟ್ರ್ಯಾಕ್ಟರುಗಳಲ್ಲಿ, ಬೈಕುಗಳಲ್ಲಿ ಬುಟ್ಟಿ, ಗಡಿಗೆ ಹೊತ್ತು ಜನ ಹೊಲಕ್ಕೆ ಹೊರಟಿದ್ದರು. ತೊಗರಿ ಒಣಗಿ ನಿಂತಿತ್ತು, ಜೋಳ ಹಾಲುಗಾಳಾಗಿತ್ತು, ಕಡಲೆ ಇನ್ನೂ ಹಸಿರು. ಹಿಂದಿನ ಸೀಟಿನ ಹೆಂಗಸರು ಒಂದು ಮಾತು ಕನ್ನಡ, ಒಂದು ಮಾತು ತೆಲುಗು ಆಡುತ್ತ ಹೋಳಿಗೆಗೆ ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳವಾಡುತ್ತಿದ್ದರು.

ಒಂದು ಕಡೆ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಾಗ ಹೊಲದಿಂದ ಚರಗದ ಕೂಗು ಕೇಳಿಸಿತು. ಚರಗ ಚೆಲ್ಲುವುದು ಇಬ್ಬರ ಕೆಲಸ. ಮುಂದಿನವರು ಕೂಗು ಹಾಕಿ ಅಡಿಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಹಿಂದಿನವರು ಮರುಕೂಗು ಕೊಟ್ಟು ನೀರು ಚಿಮುಕಿಸುತ್ತಾರೆ. ಮರುಕೂಗು ಬರದೆ ಮುಂದಿನವರು ಹೆಜ್ಜೆ ಕೀಳುವಂತಿಲ್ಲ. ಮರುಕೂಗು ಕೊಟ್ಟವರು ಆ ದಿನ ಆ ಹೊಲದ ಮನೆಯವರೇ ಎಂದು ನಮ್ಮವರ ಲೆಕ್ಕ. ಕಾಕಾ ಕಿಟಕಿಗೆ ಕಿವಿಗೊಟ್ಟು ಕೂತಿದ್ದರು. ಯಾರ್ಡು ಹಾಕುವ ಮೊದಲು ಪ್ರತಿ ವರ್ಷ ನಮ್ಮಪ್ಪ ಮುಂದೆ, ಅವರು ಹಿಂದೆ ಹೋಗುತ್ತಿದ್ದರು.

ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಇಳಿದಾಗ ಬಂಡೆಪ್ಪ ಜೀಪು ತಂದಿದ್ದರು. ಅಗಲ ಮುಖದ, ಜಾಸ್ತಿ ಬೆವರುವ ಮನುಷ್ಯ. "ಬರ್ರಿ ಮುತ್ತ್ಯಾ, ಕುಂದ್ರಿ" ಎಂದು ಕಾಕಾನ ಗಂಟಿಗೆ ಕೈ ಹಾಕಿದರು. ಕಾಕಾ ಕೊಡಲಿಲ್ಲ. "ಏನೈತ್ರಿ ಇದ್ರಾಗ?" "ಬುತ್ತಿ," ಎಂದರು ಕಾಕಾ. ಬಂಡೆಪ್ಪ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಜೀಪು ಹೊಲದ ಕಡೆ ಹೊರಟಿತು.

ಹೊಲದ ನಡುವೆ ಒಂದು ಬೇವಿನ ಮರ. ಅದರ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿದ್ದರು. ಕಾಳು-ತರಕಾರಿ ಬೇಯಿಸಿದ ಭಜ್ಜಿಯ ದೊಡ್ಡ ಪಾತ್ರೆ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ. ಮಲ್ಲಣ್ಣ, ಅತ್ತಿಗೆ, ಸವಿತಾ ಒಂದು ಕಡೆ ಕೂತಿದ್ದರು. ಹುಡುಗ ಬಂದು ಕಾಕಾನ ಕಾಲಿಗೆ ನಮಸ್ಕರಿಸಿದ; ಕಾಕಾ ತಲೆ ಮುಟ್ಟಿ, "ಹುಡುಗ ಛಲೋ ಅದಾನ" ಎಂದು ನನಗೊಬ್ಬಳಿಗೇ ಕೇಳುವಂತೆ ಅಂದರು. ಬಂಡೆಪ್ಪನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಕೆ ಮಣೆ ಸರಿಸಿ ಕಾಕಾನನ್ನು ಕೂಡಿಸಿದಳು. ಕಾಕಾ ಕೂತು ತಮ್ಮ ಗಂಟನ್ನು ಎದುರಿಗೆ ಇಟ್ಟುಕೊಂಡರು. ಬಡಿಸಲು ಬಂದ ಸೊಸೆ ರೊಟ್ಟಿ ಹಿಡಿದು ಹಾಗೆಯೇ ನಿಂತಳು. ಸವಿತಾ ತಲೆ ಎತ್ತಲಿಲ್ಲ.

ಬಂಡೆಪ್ಪ ಗಂಟಲು ಸರಿಪಡಿಸಿಕೊಂಡರು. "ಮುತ್ತ್ಯಾ, ಒಂದು ಮಾತು ನಿಮಗ ತಿಳಿದಿಲ್ಲ. ಆ ದಿನ ನಿಮ್ಮ ಅಣ್ಣಗ ನಮ್ಮ ಮುತ್ತ್ಯಾನೇ ಆ ತೊಗರಿಯೊಳಗ..."

"ಬಂಡ್ಯಾ," ಎಂದಳು ಆಯಿ. "ಸುಳ್ಳ್ಯಾಕ ಹೇಳ್ತಿ?"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಲ್ಲಣ್ಣ ಕೆಮ್ಮಿದ. ಆಯಿ ಕಾಕಾನ ಎದುರಿಗೆ ಬಂದು ಕೂತಳು.

"ನಮ್ಮ ಮಾವ ಹೇಳಿದ್ದು ನಾ ಹೇಳ್ತೀನ್ರಿ, ಬ್ಯಾರೆ ನನಗ ಗೊತ್ತಿಲ್ಲ. ಬಂದೂಕದವರು ಬಂದ್ರು, ಉಣಿಸಿದ್ರು. ಅದಕ್ಕಿಂತ ಮೊದಲ ಹರದಾರಿ ನಡದು ಬಂದ ಶಿಬಿರದ ಹುಡುಗರು ಬಂದ್ರು, ಅವರಿಗೂ ಉಣಿಸಿದ್ರು. ಇವತ್ತಿನ ಹಬ್ಬದ ದಿನ ಹೊಲದಾಗ ಹಾದವರಿಗಿ ಹೆಸರು ಕೇಳಬಾರ್ದು. ಮಾವ ಕೇಳಲಿಲ್ಲ. ಫೌಜು ಬಂದ ಮ್ಯಾಲ ಬಂದೂಕದವರಿಗಿ ಉಣಿಸಿದ ಇದೇ ಮಾತಿಗಿ ಊರವರು ಅವರನ್ನ ಚಾವಡಿಗಿ ಎಳಕೊಂಡು ಹೋಗಿ ಹೊಡದ್ರು. ನಿಮ್ಮ ಅಣ್ಣ ಆ ಹುಡುಗರೊಳಗ ಇದ್ನೋ ಇಲ್ಲೋ, ಅವರಿಗೂ ತಿಳೀಲಿಲ್ಲ."

ಬಂಡೆಪ್ಪ ಕೆಂಪಾದ ಮುಖದಲ್ಲಿ ಎದ್ದು, ಚರಗದ ಬುಟ್ಟಿ ಎತ್ತಿಕೊಂಡು ಒಬ್ಬರೇ ಜೋಳದೊಳಗೆ ನಡೆದರು. ಅವರ ಹಿಂದೆ ಹೋಗಬೇಕಾದ ತಮ್ಮ ನೀರಿನ ಚೊಂಬು ಹಿಡಿದು ಬೆಪ್ಪಾಗಿ ನಿಂತೇ ಇದ್ದ. ಒಡ್ಡಿನ ಕಡೆಯಿಂದ ಬಂಡೆಪ್ಪನ ಕೂಗು ಬಂತು. ಮರುಕೂಗಿಲ್ಲ. ಹೆಜ್ಜೆ ಕೀಳಲಾಗದೆ ಅವರು ಅಲ್ಲೇ ನಿಂತು ಇನ್ನೊಮ್ಮೆ ಕೂಗಿದರು. ಈ ಸಲ ದನಿ ಒಡೆದಿತ್ತು.

ಮರುಕೂಗು ಬಂತು. ಮರದ ಕೆಳಗಿನಿಂದ, ನನ್ನ ಪಕ್ಕದಿಂದ. ಕಾಕಾ ಜೋಳದ ಕಡೆ ಮುಖ ಮಾಡಿ, ಕತ್ತಿನ ನರ ಉಬ್ಬುವಂತೆ ಕೂಗಿದ್ದರು. ಕೂಗಿದ ಮೇಲೆ ತಾವೇ ಬೆಚ್ಚಿ ನಮ್ಮನ್ನೆಲ್ಲ ನೋಡಿದರು. ಅಷ್ಟು ವರ್ಷದ ರೂಢಿ, ಅವರ ಸಿಟ್ಟನ್ನು ಕೇಳದೆಯೇ ಬಾಯಿಂದ ಬಂದುಬಿಟ್ಟಿತ್ತು.

ಯಾರೂ ನಗಲಿಲ್ಲ, ಅದು ನಮ್ಮ ಪುಣ್ಯ. ಆಯಿ ಸೊಸೆಯ ಕೈಯಿಂದ ರೊಟ್ಟಿ ತೆಗೆದುಕೊಂಡು ಕಾಕಾನ ತಾಟಿಗೆ ಹಾಕಿ, ಮೇಲೆ ಭಜ್ಜಿ ಬಡಿಸಿದಳು. "ಮರುಕೂಗು ಕೊಟ್ಟೀರಿ," ಎಂದಳು. ಕಾಕಾ ಬಹಳ ಹೊತ್ತು ತಾಟು ನೋಡಿದರು. ಆಮೇಲೆ ರೊಟ್ಟಿ ಮುರಿದರು. ಉಂಡಾದ ಮೇಲೆ ಬಂಡೆಪ್ಪ ಸಕ್ಕರೆ ತಂದಾಗ ಚಿಟಿಕೆ ಬಾಯಿಗೆ ಹಾಕಿಕೊಂಡು, ಸವಿತಾಳನ್ನು ಕರೆದು ಅವಳ ಬಾಯಿಗೂ ಹಾಕಿದರು. ಆಗ ಅವಳು ಅತ್ತಳು. ನನಗೂ ತಡೆಯಲಾಗಲಿಲ್ಲ.

ಸಂಜೆಯ ಬಸ್ಸಿನಲ್ಲಿ ಸೇಡಂ ಕಡೆ ಹೊರಟೆವು. ಜೀಪಿನಲ್ಲಿ ಜಾಗವಿದ್ದರೂ ಕಾಕಾ ಮಲ್ಲಣ್ಣನ ಜೊತೆ ಕೂಡಲಿಲ್ಲ. ಬುತ್ತಿ ಬಿಚ್ಚದೆ ಅವರ ತೊಡೆಯ ಮೇಲೇ ಇತ್ತು. ಹೊಲಗಳಲ್ಲಿ ಜನ ಖಾಲಿಯಾಗಿದ್ದರು. ನಾನು ಗೆದ್ದವಳಂತೆ ಹಗುರಾಗಿ ಕೂತಿದ್ದೆ.

"ವಾಡ್ಯಾಗ ಮಲ್ಲ್ಯಾ ಫೋನ್ನ್ಯಾಗ ಹೇಳಿದ್ದು ಇದೇ ಅಲ್ಲೇನು? ಮುಚ್ಚಿಟ್ಟು ಉಣಿಸಿದ್ರು ಅಂತ?" ಎಂದರು ಕಾಕಾ.

ನಾನು ಹೂಂ ಅಂದೆ.

"ಆಯಿ ನಡುವ ಬಾಯಿ ಹಾಕದಿದ್ರ ನಾ ನಂಬ್ತಿದ್ದೆ, ಶಾಂತಾ. ಇಷ್ಟು ವರ್ಷ ನನಗ ಆ ಮಾತೇ ಬೇಕಾಗಿತ್ತು. ಆ ದಿನ ಎಲ್ಲಾರೂ ಉಂಡ್ರು. ನಮ್ಮಣ್ಣ ಉಂಡಿದ್ನೋ ಇಲ್ಲೋ, ಅದೊಂದೇ ನನಗ. ಮದುವಿಗಿ ನಾ ಬರ್ತೀನಿ, ಮುಂದ ನಿಂತು ಮಾಡ್ತೀನಿ. ಆದ್ರ ಉಂಡಿದ್ದ ಅಂತ ಇನ್ನ ಯಾರ ಬಾಯಿಂದನೂ ಹೇಳಸಬ್ಯಾಡ್ರಿ."

ಹಿಂದೆ ಚಿಂಚೋಳಿಯ ದೀಪಗಳು ಒಂದೊಂದಾಗಿ ಮರೆಯಾಗುತ್ತಿದ್ದವು. ಕಾಕಾ ಗಂಟು ಬಿಚ್ಚಿದರು. ಒಂದು ರೊಟ್ಟಿ ನನಗೆ ಕೊಟ್ಟರು. ಇನ್ನೊಂದನ್ನು ಹಾಗೇ ಮಡಿಸಿ, ಕಿಟಕಿಯಿಂದ ಕೈ ಚಾಚಿ, ಕತ್ತಲಲ್ಲಿ ಹಿಂದೆ ಸರಿಯುತ್ತಿದ್ದ ಯಾರದೋ ಹೊಲಕ್ಕೆ ಎಸೆದರು.