ಗಂಡನಿಲ್ಲದವಳಿಗೆ ವಂಕಿ ಯಾಕೆ?

"ಗಂಡ ಸತ್ತೋಗವ್ನೆ, ನಂಗ್ಯಾಕ್ ಡಾಕ್ಟ್ರಮ್ಮ ವಂಕಿ?"

ಕಳೆದ ವಾರ ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ನಮ್ಮಕ್ಕ ಹೀಗೆ ಕೇಳಿಬಿಟ್ಟಳು. ಹೊರಗೆ ಕೂತವರಿಗೂ ಕೇಳಿಸುವಷ್ಟು ಜೋರಾಗಿ. (ತೋಳಿಗೆ ತೊಡುವ ವಂಕಿಯಲ್ಲ. ಮಕ್ಕಳು ಸಾಕು ಅನ್ನುವವರು ಗರ್ಭಕೋಶದೊಳಗೆ ಹಾಕಿಸಿಕೊಳ್ಳುತ್ತಾರಲ್ಲ, ಕಾಪರ್-ಟಿ ಥರದ್ದು, ಅದು.)

ಅಕ್ಕ ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಟೈಲರ್. (ನನಗೆ ಅಕ್ಕಂದಿರು ಊರೂರಿಗೂ ಇದ್ದಾರೆ, ಯಾರೆಂದು ಹುಡುಕಬೇಡಿ. ಬರೆಯಲು ಅವಳೇ ಒಪ್ಪಿದ್ದಾಳೆ.) ತಿಂಗಳುಗಟ್ಟಲೆ ರಕ್ತಸ್ರಾವ, ಯಾರಿಗೂ ಹೇಳಲಿಲ್ಲ. ಮಿಷನ್ ಮುಂದೆ ತಲೆ ಸುತ್ತಿ ಬಿದ್ದಾಗಲೇ ನನಗೆ ಫೋನ್ ಬಂದದ್ದು. ಸ್ಕ್ಯಾನ್ ಮಾಡಿಸಿದರೆ ಗರ್ಭಕೋಶದ ಒಳಪದರ ದಪ್ಪವಾಗಿದೆಯಂತೆ. ಅದರ ಚೂರು ತೆಗೆದು ಟೆಸ್ಟಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ.

ಸದ್ಯ, ಕ್ಯಾನ್ಸರ್ ಅಲ್ಲ. "ಆದ್ರೆ ಹೀಗೇ ಬಿಟ್ರೆ ಮುಂದೆ ಆಗಬಹುದು" ಎಂದರು ಡಾಕ್ಟರ್. ಹಾರ್ಮೋನ್ ಮಾತ್ರೆ ನುಂಗಬಹುದು. ಅದೇ ಹಾರ್ಮೋನ್ ಇರುವ ವಂಕಿ ಹಾಕಿಸಬಹುದು, ಅದು ಒಳಗೇ ಕೂತು ಪದರವನ್ನು ತೆಳು ಮಾಡುತ್ತದೆ. ಇಲ್ಲವೇ ಗರ್ಭಕೋಶವನ್ನೇ ತೆಗೆಸಬಹುದು. ಆ ಥರದ ಮಾತ್ರೆ ವರ್ಷಗಳ ಹಿಂದೆ ನುಂಗಿದಾಗಲೇ ಅಕ್ಕನಿಗೆ ಒಗ್ಗಿರಲಿಲ್ಲ. ಹಾರ್ಟು ವೀಕು, ಆಪರೇಷನ್ ಅಪಾಯ. ಉಳಿದದ್ದು ವಂಕಿ.

"ನಿಮಗಿದು ಔಷಧಿ ಕಣಮ್ಮ, ಫ್ಯಾಮಿಲಿ ಪ್ಲಾನಿಂಗ್ ಅಲ್ಲ" ಎಂದು ಡಾಕ್ಟರ್ ಬಿಡಿಸಿ ಹೇಳಿದರು.

ಅಕ್ಕ ಕೇಳಬೇಕಲ್ಲ! "ಚೀಲನೇ ತೆಗ್ದಾಕ್ಬುಡಿ. ನಮ್ ವಾರಗಿತ್ತಿ ತೆಗ್ಸಿಲ್ವಾ? ಗುಂಡ್ಕಲ್ಲಂಗವ್ಳೆ."

ವಾಪಸ್ ಬಸ್ಸಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. "ನಿಂಗೇನ್ ತಲೆ ಕೆಟ್ಟಿದ್ಯಾ? ಆಪರೇಷನ್ ಟೇಬಲ್ ಮೇಲೇ ಜೀವ ಹೋದ್ರೆ?" ಎಂದೆ.

ಅಕ್ಕ ಕಿಟಕಿ ಕಡೆ ತಿರುಗಿದಳು. "ಸತ್ರೆ ಅಯ್ಯೋ ಪಾಪ ಅಂತಾರೆ ಕಣೇ. ಗಂಡಿಲ್ದೋಳು ವಂಕಿ ಆಕುಸ್ಕಂಡವ್ಳೆ ಅಂದ್ರೆ ಏನಂತಾರೆ, ನೀನೇ ಯೋಳು."

"ಯಾರಿಗ್ ಗೊತ್ತಾಗುತ್ತೆ?"

"ಅಳ್ಳೀಲಿ ಗೊತ್ತಾಗ್ದಿರೋದು ಯಾವ್ದದೆ?"

ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಮೇಲಲ್ಲ. ಬ್ಲೌಸ್ ಹೊಲಿಸುವ ನೆಪದಲ್ಲಿ ಬಂದು ಅವಳ ಹಣೆ, ಮುಡಿ, ಸೀರೆಯ ಬಣ್ಣದ ಮೇಲೆ ಕಣ್ಣಿಟ್ಟು ಹೋಗುವವರ ಮೇಲೆ. ರಕ್ತಸ್ರಾವವನ್ನೂ ಇವಳು ಮುಚ್ಚಿಟ್ಟದ್ದು ಅವರಿಗೆ ಹೆದರಿಯೇ ಅಲ್ಲವೇ? ಅವರಲ್ಲಿ ಒಬ್ಬರೂ ಆಸ್ಪತ್ರೆಗೆ ಬರಲಿಲ್ಲ. ಆದರೂ ಡಾಕ್ಟರ ಎದುರು ಅವರದ್ದೇ ಮಾತು ನಡೆಯಿತು.

ಸೋಮವಾರ ಡಾಕ್ಟರಿಗೆ ಉತ್ತರ ಹೇಳಬೇಕು. ಅಕ್ಕ ಇನ್ನೂ ವಂಕಿಗೆ ಹೂಂ ಅಂದಿಲ್ಲ.

ಹೇಳಿ, ಬದುಕಿರಲು ಅವಳು ಯಾರ ಒಪ್ಪಿಗೆ ಕೇಳಬೇಕು?