ಆಳದ ಕಡೆಯ ಮೂರನೇ ಪಾಲು

ಅಮೆರಿಕಾದಲ್ಲೇ ಸ್ಕೋಕಿ ಎಂಬ ಊರಿನಲ್ಲಿರುವ ನನ್ನ ಅಪ್ಪ ಅಮ್ಮ ತಮ್ಮ ಸ್ನೇಹಿತರ ಮುಂದೆ, ಮಗ ಡೆಟ್ರಾಯಿಟ್ ಕಡೆ ‘ವಾಟರ್ ಕೆಮಿಸ್ಟ್ರಿ’ಯಲ್ಲಿದ್ದಾನೆ ಎನ್ನುತ್ತಾರೆ. ಸುಳ್ಳೇನಲ್ಲ. ಫಾರ್ಮಿಂಗ್ಟನ್ ಹಿಲ್ಸ್‌ನ ಹಿತ್ತಲುಗಳಲ್ಲಿ, ನೀರು ತೆಗೆಸಿದ ಈಜುಕೊಳದೊಳಗೆ ಮಂಡಿಯೂರಿ ಕುಳಿತು, ಹಿಮ್ಮಡಿ ಉಜ್ಜುವಂಥ ತೂತುಗಲ್ಲಿನಿಂದ ಗೋಡೆಯ ಕಲೆ ತಿಕ್ಕುವುದೇ ನನ್ನ ಕೆಮಿಸ್ಟ್ರಿ. ಎರಡು ಕಾಲೇಜು ಸೇರಿ ಎರಡನ್ನೂ ಅರ್ಧಕ್ಕೆ ಬಿಟ್ಟವನು ನಾನು. ಏಳನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರೆಯಲು ಬರುತ್ತದೆ. ನಾನು ಪೂರ್ತಿ ಮುಗಿಸಿದ ವಿದ್ಯೆ ಅದೊಂದೇ. ಹೆಸರು ಕುನಾಲ್, ವಯಸ್ಸು ಇಪ್ಪತ್ತಾರು. ಈ ಬರಹ ನನ್ನ ಬಗ್ಗೆ ಅಲ್ಲ. ಆದರೆ ಇದರಲ್ಲಿ ಬರುವ ಅನಾಹುತದಲ್ಲಿ ಮೂರನೇ ಒಂದು ಪಾಲು ನನ್ನದೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಬರಹ ನನ್ನ ಧಣಿ ಗುರುದೇವಿ ಮೇಡಂ ಬಗ್ಗೆ. ಕೆಲಸಕ್ಕೆ ಸೇರಿದ ದಿನ ಅಭ್ಯಾಸಬಲದಿಂದ “ಆಂಟಿ” ಅಂದಿದ್ದೆ. “ಆಂಟಿ ಅಂದ್ರ ನಿನಗ ಚಹಾ ಮಾಡಿ ಕೊಡಬೇಕಾಗ್ತೈತಿ. ಮೇಡಂ ಅನ್ನು, ಬ್ರಷ್ ಕೊಡ್ತೀನಿ” ಅಂದರು. ಬ್ರಷ್ ಕೊಟ್ಟರು.

ಬಾಗಲಕೋಟೆಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು ಅವರು. ಗಂಡ ಕಲ್ಲಿನಾಥ ಅವರಿಗೆ ಡಿಯರ್‌ಬಾರ್ನ್‌ನಲ್ಲಿ ಗೇರ್‌ಬಾಕ್ಸ್ ವಿನ್ಯಾಸದ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದರು. ಬಂದ ವೀಸಾದಲ್ಲಿ ಹೆಂಡತಿ ದುಡಿಯುವಂತಿಲ್ಲ. ಹನ್ನೊಂದು ವರ್ಷ ಹಾಗೇ ಕಳೆಯಿತು. ಪ್ರತಿ ಪಾರ್ಟಿಯಲ್ಲೂ ಯಾರಾದರೊಬ್ಬ ಡಾಕ್ಟರಮ್ಮ “ಟೈಮ್‌ಪಾಸ್ ಹೇಗೆ ಮಾಡ್ತೀರಾ?” ಎಂದು ಕೇಳುವಳಂತೆ. ಆ ಪ್ರಶ್ನೆಯ ಸಿಟ್ಟು ಅವರಲ್ಲಿ ಇನ್ನೂ ಆರಿಲ್ಲ. ಬೆಳಿಗ್ಗೆ ಟ್ರಕ್ ಸ್ಟಾರ್ಟ್ ಮಾಡುವಾಗ ಕೀಲಿಯನ್ನು ಯಾರದೋ ಕಿವಿ ಹಿಂಡಿದ ಹಾಗೆ ತಿರುಗಿಸುತ್ತಾರೆ.

ಪೂಲ್ ಕೆಲಸಕ್ಕೆ ಬಂದದ್ದು ಪಕ್ಕದ ಮನೆಯವರಿಂದ. ಅವರ ಪೂಲ್‌ನ ಅಂಚಿಗೆ ಬೆಳ್ಳಗೆ ಗಟ್ಟಿ ಪೊರೆ ಕಟ್ಟಿತ್ತು. ಸಿಟಿ ನೀರು ಬರದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರೇ ಗತಿ; ಅದರಲ್ಲಿ ಸುಣ್ಣವೂ ಇರುತ್ತದೆ, ಕಬ್ಬಿಣವೂ ಇರುತ್ತದೆ. ಮೇಡಂ ಆ ಪೊರೆಗೆ ಒಂದು ಹನಿ ವಿನೆಗರ್ ಬಿಟ್ಟರು. ಬುಸ್ ಅಂತ ನೊರೆ ಎದ್ದಿತು. “ನಮ್ಮವ್ವನ ನೀರಿನ ಹಂಡೇದಾಗ ಇದ್ದದ್ದ ಇದು. ಅಮೆರಿಕಾಕ್ಕ ಬಂದ್ ಮ್ಯಾಲೆ ಮೊದಲನೇ ಸಲ ಗುರ್ತಿನವರೊಬ್ಬರು ಸಿಕ್ಕಂಗಾತು ನೋಡು” ಅನ್ನುತ್ತಾರೆ. ದುಡಿಯಲು ಪರವಾನಗಿ ಬಂದ ವಾರವೇ ಪೂಲ್ ಕೆಲಸದ ತರಗತಿಗೆ ಸೇರಿದರು. ಮೂವತ್ತು ಗಂಡಸರ ನಡುವೆ ಒಬ್ಬರೇ, ಮೊದಲ ಬೆಂಚಿನಲ್ಲಿ.

ಬೇರೆಯವರು ಪೂಲ್‌ಗೆ ಆಸಿಡ್ ಸುರಿದು ತೊಳೆದು ಹೋಗುತ್ತಾರೆ. ಹಾಗೆ ತೊಳೆದಾಗಲೆಲ್ಲ ಕಲೆಯ ಜೊತೆಗೆ ಗೋಡೆಯ ಪ್ಲಾಸ್ಟರೂ ಒಂದು ಪದರ ಕರಗುತ್ತದೆ. ನಾಲ್ಕೈದು ಸಲ ಆದರೆ ಗೋಡೆ ಮುಗಿಯಿತು. ಮೇಡಂ ಮೊದಲು ಕಲೆಯ ಜಾತಕ ಕೇಳುತ್ತಾರೆ. ವಿಟಮಿನ್ ಸಿ ಗುಳಿಗೆಯಿಂದ ಉಜ್ಜಿದಾಗ ಕಲೆ ಮಾಸಿದರೆ ಕಬ್ಬಿಣ. ಮಾಸದೆ ಹಸಿರು ನೀಲಿಯಾಗಿಯೇ ಉಳಿದರೆ ತಾಮ್ರ. ಆಸಿಡ್‌ನ ಮೊರೆ ಹೋಗುವುದು ಕಟ್ಟಕಡೆಗೆ. ಇದು ಅವರ ಕೆಲಸದ ರೀತಿ, ಇದೇ ಅವರ ಹೆಸರು. ಆ ಹೆಸರಿಗೇ ಮನೋಹರ್ ಅಂಕಲ್ ಕೈ ಹಾಕಿದರು.

ಮನೋಹರ್ ಅಂಕಲ್ ಬೆಂಗಳೂರಿನವರು. ಇಲ್ಲಿ ದೊಡ್ಡ ಮನೆ, ದೊಡ್ಡ ಪೂಲ್, ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ದನಿ. ನಾವು ಹೋದರೆ “ಸೈಡ್ ಗೇಟಿಂದ ಬನ್ನಿ” ಅನ್ನುತ್ತಿದ್ದರು. ಅದೇ ಕಲ್ಲಿನಾಥ ಅಂಕಲ್ ಹಬ್ಬಕ್ಕೆ ಬಂದರೆ ಮುಂಬಾಗಿಲು! ಒಂದೇ ದಂಪತಿಗೆ ಎರಡು ಬಾಗಿಲು. ನನಗೆ ಉರಿಯುತ್ತಿತ್ತು. ಮೇಡಂ ಮಾತ್ರ “ಪೂಲ್ ಇರೂದು ಹಿತ್ತಲದಾಗ. ಮುಂದಿನ ಬಾಗಲಾ ತಗೊಂಡ್ ನಾ ಏನ್ ಮಾಡ್ಲಿ?” ಎಂದು ಮುಂದೆ ಹೋಗುತ್ತಿದ್ದರು.

ಮೇ ತಿಂಗಳಲ್ಲಿ ಎರಡು ವಾರ ಕೂತು ಅವರ ಪೂಲ್‌ನ ಸುಣ್ಣದ ಪೊರೆ ಮತ್ತು ಕಬ್ಬಿಣದ ಕಂದುಕಲೆ ತೆಗೆದೆವು. ಗೋಡೆ ಹೊಸ ಪಿಂಗಾಣಿ ಬಸಿಯಂತೆ ಬೆಳ್ಳಗಾಯಿತು. ನೀರು ತುಂಬಿದ ಮೇಲೆ ನೀರಿನ ಪರೀಕ್ಷೆಗೆ ಮೇಡಂ ನನ್ನೊಬ್ಬನನ್ನೇ ಕಳಿಸಿದರು. ಅವತ್ತು ಅಂಕಲ್‌ರ ಹೆಂಡತಿ ಭಾನು ಆಂಟಿ ಪೂಲ್ ಅಂಚಿನಲ್ಲಿ ಅರಿಶಿನ ಕುಂಕುಮ ಇಟ್ಟು ಗಂಗೆ ಪೂಜೆ ಮಾಡಿದ್ದರು. ನನ್ನ ತಟ್ಟೆಗೆ ಒಂದಾದ ಮೇಲೊಂದು ಎರಡು ಹೋಳಿಗೆ, ಮೇಲೆ ತುಪ್ಪ.

ಮುಂದಿನದು ಜುಲೈ. ಬೆಳಿಗ್ಗೆ ಎಂಟಕ್ಕೆ ಗುಂಪಿನಲ್ಲಿ ಮನೋಹರ್ ಅಂಕಲ್‌ರ ಮೆಸೇಜ್ ಬಂತು: ಬೆಳ್ಳಗಿದ್ದ ಪೂಲ್ ಗೋಡೆಯ ತುಂಬ ಹಸಿರು ನೀಲಿ ಕಲೆಗಳ ಫೋಟೊ, ಕೆಳಗೆ “ಗುರುದೇವಿಯವರ ಆಸಿಡ್‌ನಿಂದ ನಮ್ಮ ಪೂಲ್ ಹಾಳಾಗಿದೆ. ಬೇರೆಯವರು ಎಚ್ಚರವಾಗಿರಿ.” ನಾನೂರು ಜನರಿರುವ ಗುಂಪು. ಮಧ್ಯಾಹ್ನದೊಳಗೆ ಮೂರು ಮನೆಯವರು ಫೋನ್ ಮಾಡಿ ಕೆಲಸ ಬೇಡವೆಂದರು. ಒಬ್ಬರು “ನಮ್ಮ ಮನೆಯವರು ಬೇಡ ಅಂತಾರೆ” ಎಂದರು. ಮನೆಯವರು ಹಿಂದಿನಿಂದ “ಹೇಳಿದ್ಯಾ?” ಅಂದದ್ದು ನನಗೂ ಕೇಳಿಸಿತು.

“ನಾ ಅಲ್ಲಿ ಒಂದು ಹನಿ ಆಸಿಡ್ ಹಾಕಿಲ್ಲ” ಎಂದರು ಮೇಡಂ. ದನಿ ಎತ್ತಲಿಲ್ಲ. ಅವರ ದನಿ ಇಳಿದಷ್ಟೂ ನಾನು ಹೆದರುತ್ತೇನೆ. “ಅಂವ ಅದ ಗುಂಪಿನ್ಯಾಗ ತಪ್ಪಾತು ಅಂತ ಬರೀಬೇಕು. ನಡಿ.”

ಸೈಡ್ ಗೇಟಿನಿಂದಲೇ ಹೋದೆವು. ಮನೋಹರ್ ಅಂಕಲ್ ಕೈಕಟ್ಟಿ ನಿಂತಿದ್ದರು. “ನೋಡಿ, ನಾನು ನಿಮ್ಮ ಮೇಲೆ ಪರ್ಸನಲ್ಲಾಗಿ ಏನೂ ಹೇಳ್ತಿಲ್ಲ. ತಿಂಗಳ ಕೊನೆಗೆ ಮಗಳ ಗ್ರಾಜುಯೇಷನ್ ಪಾರ್ಟಿ ಇದೆ. ಜನಕ್ಕೆ ಏನು ತೋರಿಸ್ಲಿ?”

ಮೇಡಂ ಮೊಣಕೈವರೆಗೆ ನೀರಿಗೆ ಕೈ ಇಳಿಸಿ, ವಿಟಮಿನ್ ಗುಳಿಗೆಯಿಂದ ಕಲೆಯನ್ನು ಉಜ್ಜಿದರು. ಮಾಸಲಿಲ್ಲ. “ತಾಮ್ರ” ಎಂದರು. ತಾಮ್ರ ಎಲ್ಲಿಂದ? ಹೀಟರ್ ಕೊಳವೆ ನೋಡಿದರು; ಸರಿಯಿತ್ತು. ಆಮೇಲೆ ಸ್ಕಿಮ್ಮರ್‌ನ ಮುಚ್ಚಳ ತೆಗೆದರು. ಪೂಲ್‌ನ ನೀರೆಲ್ಲ ಸುತ್ತು ಹೊಡೆದು ಪಂಪಿಗೆ ಹೋಗುವ ಮುಂಚೆ ಎಲೆ ಕಸ ಸೋಸುವ ಪೆಟ್ಟಿಗೆ ಅದು. ಬುಟ್ಟಿಯಲ್ಲಿ ಎಲೆಗಳ ನಡುವೆ ಒಂದು ತಾಮ್ರದ ಚೊಂಬು ಕೂತಿತ್ತು, ಒಳಗೆ ಐದು ತಾಮ್ರದ ಬಿಲ್ಲೆ.

“ಈ ತಂಬಗಿ ಯಾರಿಟ್ರೀ ಇಲ್ಲಿ?”

ಭಾನು ಆಂಟಿ ಅಡುಗೆಮನೆಯ ಬಾಗಿಲಿನಿಂದ ಹೊರಬಂದರು. “ನಾನೇ ಇಟ್ಟಿದ್ದು. ಪೂಜೆ ಚೊಂಬು. ತಾಮ್ರದ ನೀರು ಒಳ್ಳೇದಲ್ವಾ? ನೀರೆಲ್ಲ ಅದರ ಮೇಲೇ ಹರಿಯತ್ತೆ, ಮಕ್ಕಳ ಚರ್ಮಕ್ಕೆ ಒಳ್ಳೇದಾಗ್ಲಿ ಅಂತ…”

ಮೇಡಂ ಚೊಂಬನ್ನು ಬಿಸಿಲಿಗೆ ಹಿಡಿದರು. ಆರು ವಾರ ನೀರಿನಲ್ಲಿದ್ದ ತಾಮ್ರ ಕಪ್ಪಾಗಬೇಕಿತ್ತು. ಅದು ಮದುವೆಗೆ ತೊಳೆದಿಟ್ಟಂತೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು, ಬಾಯಿಯ ಅಂಚು ಕಾಗದದಷ್ಟು ತೆಳ್ಳಗಾಗಿತ್ತು.

“ಭಾನು ಅವರ, ಹುಣಸಿಹಣ್ಣು ಹಚ್ಚಿ ತಿಕ್ಕೀರೇನು ಇದನ್ನ?”

“ಇಟ್ಟ ಮೇಲೆ ಮುಟ್ಟೇ ಇಲ್ಲ.”

“ಹಂಗಾದ್ರ ಇದನ್ನ ತಿಕ್ಕಿದ್ದು ಆಸಿಡ್. ಯಾರೋ ಸ್ಕಿಮ್ಮರ್‌ನ್ಯಾಗ ಆಸಿಡ್ ಸುರದಾರ. ಇದರ ಮೈಯಾಗಿನ ತಾಮ್ರ ಕರಗಿ ನಿಮ್ಮ ಗ್ವಾಡಿಗೆ ಹತ್ತೇತಿ.” ಅವರು ಮನೋಹರ್ ಅಂಕಲ್ ಕಡೆ ತಿರುಗಿದರು. ಅಂಕಲ್ ಪೂಲ್ ಕಡೆ ತಿರುಗಿದರು.

“ಅಂಚಿಗೆ ಮತ್ತೆ ಸ್ವಲ್ಪ ಬಿಳಿ ಬಂದಿತ್ತು,” ಎಂದರು ಕೊನೆಗೆ. “ಒಂದು ವಿಡಿಯೋದಲ್ಲಿ ತೋರಿಸಿದ್ರು. ಒಂದೇ ಗ್ಯಾಲನ್ನು.”

“ಒಂದೇ!” ಎಂದೆ ನಾನು. ನನಗೆ ಎಂಥ ಖುಷಿಯೆಂದರೆ, ಫೋನ್ ತೆಗೆದು ಚೊಂಬಿನ ಫೋಟೊ ಹೊಡೆಯತೊಡಗಿದ್ದೆ. ಗುಂಪಿಗೆ ಹಾಕಬೇಕು, ನಾನೂರು ಜನ ನೋಡಬೇಕು. ಆಗ ಭಾನು ಆಂಟಿ ಮೆಲ್ಲಗೆ ಹೇಳಿದರು: “ನಾನು ಕೇಳದೇ ಇಟ್ಟಿಲ್ಲ. ಅವತ್ತು ನಿಮ್ಮ ಕುನಾಲ್‌ನ ಕೇಳ್ದೆ, ಇಟ್ರೆ ಏನೂ ಆಗಲ್ಲ ತಾನೆ ಅಂತ. ‘ಏನಾಗತ್ತೆ ಆಂಟಿ, ಇಡಿ’ ಅಂದ.”

ಅಂದಿದ್ದೆ. ಹೋಳಿಗೆ ಬಾಯಲ್ಲಿತ್ತು. ಅವರು ಏನು ಕೇಳಿದರು ಎಂಬುದು ಸರಿಯಾಗಿ ತಲೆಗೆ ಹೋಗಿರಲಿಲ್ಲ. ಎರಡನೇ ಹೋಳಿಗೆ ತಟ್ಟೆಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ತಲೆಯಲ್ಲಿತ್ತು.

ಮೇಡಂ ನನ್ನನ್ನು ನೋಡಿದ ನೋಟದಲ್ಲಿ ಯಾವ ಸುಣ್ಣದ ಪೊರೆಯೂ ಉಳಿಯುತ್ತಿರಲಿಲ್ಲ. “ಅಂದ್ಯೇನು?”

“ಅಂದೆ, ಮೇಡಂ.”

ಮನೋಹರ್ ಅಂಕಲ್‌ಗೆ ಜೀವ ಬಂತು. “ನೋಡಿದ್ರಾ? ನಿಮ್ಮ ಸ್ಟಾಫ್‌ದೇ ತಪ್ಪು! ಬಿಡಿ, ಇದನ್ನ ದೊಡ್ಡದು ಮಾಡೋದು ಬೇಡ. ನೀವು ಬಂದು ಕ್ಲೀನ್ ಮಾಡಿಬಿಡಿ, ನಾನು ಗುಂಪಲ್ಲಿ ಆ ಮೆಸೇಜ್ ಡಿಲೀಟ್ ಮಾಡಿಬಿಡ್ತೀನಿ. ಮ್ಯಾಟರ್ ಕ್ಲೋಸ್.”

“ಡಿಲೀಟ್ ಮಾಡಿದ್ರ ಓದಿದವ್ರ ತಲ್ಯಾಗಿಂದ ಹೊಕ್ಕೈತೇನ್ರೀ?” ಮೇಡಂ ಟ್ರಕ್ಕಿನಿಂದ ಸೀಮೆಸುಣ್ಣ ತಂದು ಪೂಲ್‌ನ ಅಂಚಿನ ಕಲ್ಲಿನ ಮೇಲೆ ಎರಡು ಗೆರೆ ಎಳೆದರು. “ಇಟ್ಟವರು ಒಬ್ರು. ಇಡು ಅಂದಾಂವ ಒಬ್ಬ. ಆಸಿಡ್ ಸುರದವರು ಒಬ್ರು. ಮೂರು ಪಾಲು. ತಗ್ಗಿಲ್ಲದ ಕಡೀದು ನಮ್ದು, ಅದನ್ನ ಇವ ತಿಕ್ಕತಾನ. ನಡುವಿಂದು ಭಾನು ಅವರ್ದು. ಆಳದ ಕಡೀದು ನಿಮ್ದು. ನಿಮ್ಮ ನಿಮ್ಮ ಪಾಲಿನ ಖರೇ ಗುಂಪಿನ್ಯಾಗ ಬರೀರಿ, ಅವತ್ತ ಬಂದು ನಿಮ್ಮ ಪಾಲು ತಿಕ್ಕತೀವಿ.”

“ಇದೇನು ತಮಾಷೆನಾ?”

“ತಮಾಷೆ ಮಾಡೂ ಮಾರಿ ಐತೇನ್ರೀ ನಂದು?”

ಅಲ್ಲಿಯೇ ನಿಂತು ಅವರು ಗುಂಪಿನಲ್ಲಿ ಬರೆದರು. ತಮ್ಮ ಕೈಯಾರೆ, ಶುದ್ಧ ಕನ್ನಡದಲ್ಲಿ: “ಮನೋಹರ್ ಅವರ ಪೂಲ್‌ನ ಕಲೆ ತಾಮ್ರದ್ದು. ಅಲ್ಲಿ ತಾಮ್ರದ ಪಾತ್ರೆ ಇಡಬಹುದೇ ಎಂದು ನಮ್ಮ ಕೆಲಸಗಾರನನ್ನು ಕೇಳಿದಾಗ ಆತ ಇಡಬಹುದೆಂದು ಹೇಳಿದ್ದು ತಪ್ಪು. ಆ ತಪ್ಪು ನನ್ನ ಸಂಸ್ಥೆಯದು. ನಾನು ಆಸಿಡ್ ಬಳಸಿಲ್ಲ. ಉಳಿದ ಸಂಗತಿ ಉಳಿದವರು ಹೇಳಲಿ.” ಪಾತ್ರೆ ಯಾರದು, ಆಸಿಡ್ ಯಾರದು ಎಂದು ಬರೆಯಲಿಲ್ಲ.

“ಪೂರ್ತಿ ಬರೆದುಬಿಡಿ ಮೇಡಂ,” ಎಂದೆ ಟ್ರಕ್ಕಿನಲ್ಲಿ.

“ಅವರ ಪಾಲು ನಾ ಯಾಕ ಹೊರಲಿ? ನೀ ಬಾಯಿ ಮುಚ್ಚು. ತಿನ್ನಾಕಷ್ಟ ತಗಿ ಅಂತ ಹೇಳ್ತಿದ್ದೆ, ಅದಕ್ಕೂ ಬ್ಯಾಡ.”

ನೀರು ತೆಗೆಸಿ, ನಿಂಬೆ ಉಪ್ಪು ಕಲಸಿದ ಮುದ್ದೆ ಹಚ್ಚಿ, ನನ್ನ ಪಾಲನ್ನು ಎರಡು ದಿನ ಒಬ್ಬನೇ ತಿಕ್ಕಿದೆ. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಮೇಡಂ ಮೇಲೆ ಕುರ್ಚಿ ಹಾಕಿಕೊಂಡು “ಅಲ್ಲಿ ಉಳದೈತಿ, ಹೋಳಿಗಿ ಆಕಾರದ್ದು” ಎಂದು ತೋರಿಸುತ್ತಿದ್ದರು. ಗೆರೆಯ ಈಚೆ ಹಾಲಿನಂಥ ಬಿಳಿ, ಆಚೆ ನೀಲಿ ಹಸಿರು. ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಹೀಗೇ ಬಿಟ್ಟು ನೀರು ತುಂಬಿಸಿ ಬಂದೆವು.

ಪಾರ್ಟಿ ಆಯಿತು. ಮಾರನೇ ಸೋಮವಾರ ಪಕ್ಕದ ಊರು ನೋವೈನಿಂದ ಶ್ರೀಲತಾ ಆಂಟಿ ಅನ್ನುವವರು ಫೋನ್ ಮಾಡಿದರು. “ಮನೋಹರ್ ಮನೇಲಿ ನೋಡಿದ್ವಿ. ಎರಡು ಬಣ್ಣದ ಫಿನಿಶ್! ಸ್ಪೆಷಲ್ಲಾಗಿ ಡಿಸೈನ್ ಮಾಡಿಸಿದ್ದು ಅಂದ್ರು. ನಮಗೂ ಮಾಡಿಕೊಡ್ತೀರಾ?”

ಸ್ಪೀಕರಿನಲ್ಲಿತ್ತು. ನಾನು ನಕ್ಕುಬಿಟ್ಟೆ. ಮೇಡಂ ನಗಲಿಲ್ಲ. ಒಂದು ತಿಂಗಳು ಅವರ ಹೆಸರು ಕೆಡಿಸಿದ ಕಲೆಯನ್ನೇ ಆ ಮನುಷ್ಯ ಅಲಂಕಾರ ಎಂದು ತೋರಿಸಿ ಹೊಗಳಿಸಿಕೊಂಡಿದ್ದ.

“ಅದು ಫಿನಿಶ್ ಅಲ್ರೀ, ಕಲೆ. ಯಾರ್ದು ಅಂತ ಭಾನು ಅವರನ್ನ ಕೇಳ್ರಿ” ಎಂದು ಫೋನ್ ಇಟ್ಟರು.

ಶ್ರೀಲತಾ ಆಂಟಿ ಕೇಳಿರಬೇಕು. ಆಗಸ್ಟ್ ಎರಡನೇ ವಾರ ಗುಂಪಿನಲ್ಲಿ ಭಾನು ಆಂಟಿಯ ದನಿಯಿರುವ ಮೆಸೇಜ್ ಬಂತು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು. “ಎಲ್ಲರಿಗೂ ನಮಸ್ಕಾರ. ಪೂಲ್‌ನಲ್ಲಿ ಚೊಂಬು ಇಟ್ಟಿದ್ದು ನಾನು. ಗುರುದೇವಿ ಅವರದೇನೂ ತಪ್ಪಿಲ್ಲ. ಅವರ ಕೆಲಸ ಚೆನ್ನಾಗೇ ಇತ್ತು. ಇದನ್ನ ಇಷ್ಟು ದಿನ ಹೇಳ್ದೇ ಇದ್ದಿದ್ದಕ್ಕೆ ನನಗೇ ನಾಚಿಕೆ ಆಗತ್ತೆ.” ಕೊನೆಯಲ್ಲಿ ಮನೋಹರ್ ಅಂಕಲ್ “ಯಾರಿಗೆ ಕಳಿಸ್ತಿದೀಯ?” ಎಂದದ್ದೂ ಅದರಲ್ಲಿ ಸಿಕ್ಕಿಕೊಂಡಿತ್ತು.

ಮೇಡಂ ಮೂರು ಸಲ ಕೇಳಿದರು. “ಟ್ರಕ್ ತಗಿ” ಎಂದರು.

ಮತ್ತೆ ನೀರು ತೆಗೆಸಿ ನಡುವಿನ ಪಾಲನ್ನು ಅವರೇ ತಿಕ್ಕಿದರು, ನನ್ನನ್ನು ಹತ್ತಿರ ಬಿಡಲಿಲ್ಲ. ಭಾನು ಆಂಟಿ ಪೂಲ್‌ನ ಅಂಚಿನಲ್ಲಿ ಕೂತು ನೋಡುತ್ತಿದ್ದರು. ಮಧ್ಯಾಹ್ನ “ಮುಂದಿನ ಬಾಗಿಲಿಂದ ಒಳಗೆ ಬನ್ನಿ, ಊಟ ಮಾಡಿ” ಎಂದರು. “ಕೈಯಾಗ ಕೆಲಸ ಐತ್ರಿ, ಇಲ್ಲೇ ಕೊಡ್ರಿ” ಎಂದು ಮೇಡಂ ಪೂಲ್‌ನೊಳಗೇ ನಿಂತು ತಟ್ಟೆ ಇಸಿದುಕೊಂಡರು. ನನಗೆ ತಟ್ಟೆ ಬಂದಾಗ “ಅವಗ ಬ್ಯಾಡ್ರೀ, ಉಂಡ್ರ ಏನಾರ ಅಂತಾನ” ಎಂದರು. ಭಾನು ಆಂಟಿ ನಕ್ಕರು. ನನಗೆ ತಟ್ಟೆ ಸಿಗಲಿಲ್ಲ.

ರದ್ದಾಗಿದ್ದ ಮೂರು ಮನೆಗಳಲ್ಲಿ ಎರಡು ವಾಪಸ್ ಬಂದವು. ಸೆಪ್ಟೆಂಬರ್‌ನಲ್ಲಿ ಮನೋಹರ್ ಅಂಕಲ್ ಗುಂಪಿಗೆ ಬರೆದರು: “ಪೂಲ್ ವಿಷಯದಲ್ಲಿ ಸಣ್ಣ ಕಮ್ಯುನಿಕೇಷನ್ ಗ್ಯಾಪ್ ಆಗಿತ್ತು. ಈಗ ಎಲ್ಲ ಸರಿಯಿದೆ.” ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಐದು ನಿಮಿಷಕ್ಕೆ ಅವರದೇ ಫೋನ್.

“ಬರೆದಿದ್ದೀನಲ್ಲ ಮೇಡಂ. ಚಳಿಗಾಲಕ್ಕೆ ಕವರ್ ಹಾಕೋ ಮುಂಚೆ ಆ ಆಳದ ಕಡೆದು ಮಾಡಿಕೊಟ್ಟುಬಿಡಿ.” ‘ಮೇಡಂ’ ಎಂದದ್ದು ಅವತ್ತೇ ಮೊದಲು.

“ಅದರಾಗ ಆಸಿಡ್ ಅನ್ನೂ ಶಬ್ದ ಎಲ್ಲೈತ್ರಿ?”

“ಅದು… ಎಲ್ಲರಿಗೂ ಅರ್ಥ ಆಗತ್ತೆ ಬಿಡಿ.”

“ನನ್ನ ಮ್ಯಾಲೆ ಬರಿಯೂ ಮುಂದ ಆ ಶಬ್ದ ಸಿಕ್ಕಿತ್ತು ನಿಮಗ. ಈಗ ಎಲ್ಲಿ ಹೋತು?”

ಮೇಡಂ ಫೋನ್ ಇಟ್ಟರು.

ಕವರನ್ನು ಬೇರೆ ಯಾರೋ ಬಂದು ಹಾಕಿದರು. ಈಗ ಜನವರಿ, ಅದರ ಮೇಲೆ ಒಂದಡಿ ಹಿಮ ಕೂತಿದೆ. ನಾವು ಗ್ಯಾರೇಜಿನಲ್ಲಿ ಪಂಪುಗಳನ್ನು ಬಿಚ್ಚಿ ಒರೆಸುತ್ತೇವೆ. ನನ್ನ ಕೈಯಲ್ಲಿ ಯಾವಾಗಲೂ ಒಂದು ಪಂಪ್ ಇರುವಂತೆ ಮೇಡಂ ನೋಡಿಕೊಳ್ಳುತ್ತಾರೆ. ಮೊನ್ನೆ ಕಲ್ಲಿನಾಥ ಅಂಕಲ್ ಚಹಾ ತಂದು, “ಸಾಕ್ ಬಿಡು ಗುರುದೇವಿ. ಎಲ್ಲಾರಿಗೂ ಗೊತ್ತಾಗೇತಿ, ಕೆಲಸಾನೂ ವಾಪಸ್ ಬಂದಾವು. ಒಂದು ಮೂಲಿ ಸಲುವಾಗಿ ಎಷ್ಟ್ ದಿನ?” ಎಂದರು.

ಮೇಡಂ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಏಪ್ರಿಲ್ ಹಾಳೆ ತೆರೆದು, ಪೂಲ್‌ಗಳ ಕವರ್ ತೆಗೆಯುವ ವಾರದ ಮೇಲೆ ಬೆರಳಿಟ್ಟರು. “ಹಿಮ ಕರಗ್ತೈತಿ. ಕವರ್ ತಗೀತಾನ. ದಿನಾ ಮುಂಜಾನೆ ಕಾಫಿ ಕಪ್ ಹಿಡ್ಕೊಂಡು ಕಿಡಕ್ಯಾಗ ನಿಂತು ತನ್ನ ಪಾಲು ನೋಡ್ತಾನ. ಎಷ್ಟ್ ದಿನ ಅಂತ ನನ್ನ ಯಾಕ ಕೇಳ್ತೀರಿ, ಅವನ್ನ ಕೇಳ್ರಿ.”

ಆಮೇಲೆ ಸೀಮೆಸುಣ್ಣದ ಡಬ್ಬಿಯನ್ನು ತೆಗೆದು ಟ್ರಕ್ಕಿನ ಮುಂದಿನ ಸೀಟಿನಲ್ಲೇ ಇಟ್ಟರು.